ಗುಡ್ಡದಲ್ಲಿ ಐದು ಸೆಂಟ್ಸ್: ಶೇಡಿಮಣ್ಣಿನ ಮೇಲೆ ಮನೆ ಕಟ್ಟುವ ಮುಂಚೆ



ನಮ್ಮ ಸಂಘಗಳ ಸಾಲದ ಪುಸ್ತಕ ಬಿಡಿಸಿ ನೋಡಿದರೆ ಮೊದಲ ಕೆಲವು ವರ್ಷ ಕಾಣುವುದು ದನ, ಹೊಲಿಗೆ ಮೆಷಿನು, ಮಕ್ಕಳ ಫೀಸು, ಆಸ್ಪತ್ರೆ ಖರ್ಚು. ಆಮೇಲಾಮೇಲೆ ಒಂದೇ ಶಬ್ದ ಪುಟಪುಟದಲ್ಲೂ ಬರುತ್ತದೆ: ಮನೆ. ಸಂತೋಷದ ವಿಷಯವೇ. ಆದರೆ ಆ ಮನೆ ಎಲ್ಲಿ ಕಟ್ಟುತ್ತಾರೆ ಎಂದು ಯಾರೂ ಪುಸ್ತಕದಲ್ಲಿ ಬರೆಯುವುದಿಲ್ಲ. ಗದ್ದೆಬದಿಯ ಸಮತಟ್ಟು ಜಾಗ ಈಗ ನಮ್ಮಂಥವರ ಕೈಗೆ ಸಿಗುವುದಿಲ್ಲ. ಸಿಗುವುದು ಗುಡ್ಡದ ಬದಿಯಲ್ಲಿ ಐದು ಸೆಂಟ್ಸ್.

ಕಳೆದ ವರ್ಷ ಒಂದು ಸಂಘದ ಸಭೆಗೆ ಹೋಗಿದ್ದೆ. ಒಬ್ಬ ಸದಸ್ಯೆ ಮನೆಯ ಪ್ಲಾನ್ ತಂದಿದ್ದರು. ತಂಗಿಯ ಮಗ ಮೊಬೈಲಿನಲ್ಲಿ ನೋಡಿ ಬರೆದುಕೊಟ್ಟದ್ದು. ಮೂವತ್ತಕ್ಕೆ ಮೂವತ್ತು ಅಡಿ, ಎದುರು ಸಿಟ್‌ಔಟ್, ಹಿಂದೆ ಅಡುಗೆ ಕೋಣೆ, ಮೇಲೆ ಟೆರೇಸ್. ಸೋಮವಾರ ಜೆಸಿಬಿ ಬರುತ್ತದೆ, ಸಾಲ ಈ ವಾರವೇ ಪಾಸಾಗಬೇಕು ಎಂದರು. ಎಲ್ಲರೂ ಪ್ಲಾನ್ ನೋಡಿ "ಒಳ್ಳೆದುಂಟು" ಎಂದರು. ಮೂಲೆಯಲ್ಲಿ ಕೂತಿದ್ದ ಹಿರಿಯ ಸದಸ್ಯೆಯೊಬ್ಬರು ಮಾತ್ರ ಕೇಳಿದರು, "ಹಿಂದೆ ಧರೆ ಎಷ್ಟು ಎತ್ತರ ಬರ್ತದೆ ಮಾರಾಯ್ತಿ?"

ಯಾರಿಗೂ ಗೊತ್ತಿರಲಿಲ್ಲ. ಪ್ಲಾನಿನಲ್ಲಿ ಧರೆಯೇ ಇರಲಿಲ್ಲ! ಕಾಗದ ಸಮತಟ್ಟು ಇರುತ್ತದೆ, ಗುಡ್ಡ ಇರುವುದಿಲ್ಲ. ಆ ಒಂದು ಪ್ರಶ್ನೆಯಿಂದ ಈ ಲೇಖನ ಹುಟ್ಟಿದ್ದು.

ಕಾಲಡಿಯಲ್ಲಿ ಏನಿದೆ?

ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯ ಗುಡ್ಡಗಳ ಮೇಲೆ ಇರುವುದು ಮುರಕಲ್ಲು, ಅಂದರೆ ಕೆಂಪುಕಲ್ಲು. ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎನ್ನುತ್ತಾರೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಅಧಿಕಾರಿ ಕೇರಳದ ಅಂಗಾಡಿಪುರದಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕೊಯ್ಯುವುದನ್ನು ನೋಡಿ, ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎನ್ನುವ ಶಬ್ದದಿಂದ ಆ ಹೆಸರು ಕೊಟ್ಟ. ಕೊಯ್ಯುವಾಗ ಮೆದು, ಗಾಳಿ ತಾಗಿದ ಮೇಲೆ ಗಟ್ಟಿ. ಈ ಕಲ್ಲಿನ ಮೇಲೆ ನಮಗೆಲ್ಲ ಒಂದು ನಂಬಿಕೆ. "ಅಡಿಯಲ್ಲಿ ಕಲ್ಲುಂಟು, ಹೆದರಿಕೆ ಇಲ್ಲ" ಎನ್ನುತ್ತೇವೆ.

ಆದರೆ ಈ ಕಲ್ಲು ಗುಡ್ಡದ ಟೊಪ್ಪಿ ಮಾತ್ರ. ಕೆಲವು ಕಡೆ ಟೊಪ್ಪಿ ದಪ್ಪ, ಕೆಲವು ಕಡೆ ನಾಲ್ಕೈದೇ ಅಡಿ. ಅದರ ಅಡಿಯಲ್ಲಿ ಬಿಳಿ, ಹಳದಿ, ಗುಲಾಬಿ, ನೇರಳೆ ಬಣ್ಣ ಬೆರೆತ ನುಣ್ಣನೆಯ ಮಣ್ಣು ಇರುತ್ತದೆ. ಅದೇ ಶೇಡಿ. ಹಿಂದೆ ಹಳ್ಳಿಗಳಲ್ಲಿ ಗೋಡೆಗೆ ಬಳಿಯುತ್ತಿದ್ದ ಬಿಳಿ ಶೇಡಿಯ ಜಾತಿಯದೇ. ಮಂಗಳೂರಿನಲ್ಲಿ ಶೇಡಿಗುರಿ ಎಂಬ ಜಾಗದ ಹೆಸರೇ ಉಂಟು. ತುಳುವಿನಲ್ಲಿ ಗುರಿ ಎಂದರೆ ಗುಂಡಿ. ಅಡಿಯಲ್ಲಿ ಏನಿದೆ ಎಂದು ಹಳಬರು ಹೆಸರಿನಲ್ಲೇ ಬರೆದಿಟ್ಟಿದ್ದಾರೆ, ನಾವು ಓದುವುದಿಲ್ಲ ಅಷ್ಟೆ.

ಈ ಶೇಡಿಯ ಗುಣ ಎಂಥದ್ದು ಎಂದರೆ, ಬೇಸಿಗೆಯಲ್ಲಿ ಹಾರೆ ಹಾಕಿದರೂ ಜಗ್ಗುವುದಿಲ್ಲ. ಜೆಸಿಬಿ ನೆಟ್ಟಗೆ ಗೋಡೆ ಕೊಯ್ದ ಹಾಗೆ ಕೊಯ್ಯುತ್ತದೆ, ಹದಿನೈದು ಅಡಿ ಎತ್ತರಕ್ಕೂ ಹಾಗೆಯೇ ನಿಲ್ಲುತ್ತದೆ. ನೋಡಿದರೆ ಯಾರಿಗಾದರೂ ಧೈರ್ಯ ಬರಬೇಕು. ನೀರು ಕುಡಿದ ಕೂಡಲೇ ಅದೇ ಮಣ್ಣು ಶಕ್ತಿ ಕಳೆದುಕೊಂಡು ಅಂಬಲಿಯಾಗುತ್ತದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಈ ಮಣ್ಣಿನ ಬಗ್ಗೆ, ಅದನ್ನು ಗಟ್ಟಿಮಾಡುವ ಉಪಾಯಗಳ ಬಗ್ಗೆ ಬಹಳ ವರ್ಷಗಳಿಂದ ಸಂಶೋಧನೆ ನಡೆದಿದೆ.

ನಿಮ್ಮ ಜಾಗದ ಮಣ್ಣು ಶೇಡಿ ಹೌದೋ ಅಲ್ಲವೋ ತಿಳಿಯಲು ಅಡುಗೆಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಧರೆಯಿಂದ ನಿಂಬೆಹಣ್ಣಿನಷ್ಟು ದೊಡ್ಡ ಒಂದು ಹೆಂಟೆ ತೆಗೆದು ಚೆನ್ನಾಗಿ ಒಣಗಿಸಿ. ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಮೆಲ್ಲ ಇಳಿಬಿಡಿ. ಕಲಕಬೇಡಿ. ಮುರಕಲ್ಲಿನ ತುಂಡಾದರೆ ಒಂದೆರಡು ಗುಳ್ಳೆ ಬಿಟ್ಟು ಸುಮ್ಮನೆ ಕೂರುತ್ತದೆ. ಶೇಡಿಯಾದರೆ ನೀವು ನೋಡುತ್ತಿರುವಂತೆಯೇ ಅಂಚು ಉದುರಿ, ಕುಸಿದು, ಅಡಿಯಲ್ಲಿ ರಾಶಿಯಾಗುತ್ತದೆ. ನಾನು ಇದನ್ನು ಹಲವು ಸಭೆಗಳಲ್ಲಿ ತೋರಿಸಿದ್ದೇನೆ. ಭಾಷಣ ಮಾಡಿದರೆ ಆಕಳಿಸುವವರೂ ಲೋಟ ನೋಡುವಾಗ ಎದ್ದು ಹತ್ತಿರ ಬರುತ್ತಾರೆ.

ಹೆಂಟೆ ಎಲ್ಲಿಂದ ತೆಗೆಯುವುದು ಎನ್ನುವುದೂ ಮುಖ್ಯ. ಮೇಲಿನ ಒಂದಡಿ ಮಣ್ಣಿನಿಂದ ಏನೂ ಗೊತ್ತಾಗುವುದಿಲ್ಲ. ಜಾಗದ ಎರಡು ಮೂರು ಮೂಲೆಯಲ್ಲಿ ಆಳುದ್ದ ಗುಂಡಿ ತೋಡಿಸಿ. ಒಂದು ಮೂಲೆಯಲ್ಲಿ ಕಲ್ಲು, ಇನ್ನೊಂದು ಮೂಲೆಯಲ್ಲಿ ಶೇಡಿ ಸಿಗುವುದು ನಮ್ಮಲ್ಲಿ ಸಾಮಾನ್ಯ. ಗುಂಡಿಗೆ ಹಣ ಇಲ್ಲದಿದ್ದರೆ ನೆರೆಮನೆಯ ಬಾವಿ ತೋಡಿದವರನ್ನು ಹುಡುಕಿ ಕೇಳಿ. ಎಷ್ಟು ಅಡಿಗೆ ಕಲ್ಲು ಮುಗಿಯಿತು, ಎಷ್ಟು ಅಡಿಗೆ ಬಿಳಿಮಣ್ಣು ಬಂತು, ಬಾವಿಗೆ ಎಲ್ಲಿಂದ ರಿಂಗು ಹಾಕಬೇಕಾಯಿತು ಎನ್ನುವುದು ಅವರಿಗೆ ಬಾಯಿಪಾಠ ಇರುತ್ತದೆ. ಅದಕ್ಕಿಂತ ಅಗ್ಗದ ಮಣ್ಣು ಪರೀಕ್ಷೆ ಬೇರೆ ಇಲ್ಲ. ಎರಡು ಅಂತಸ್ತು ಕಟ್ಟುವ ಆಲೋಚನೆ ಇದ್ದರೆ ಮಾತ್ರ ಸರಿಯಾದ ಮಣ್ಣು ಪರೀಕ್ಷೆ ಮಾಡಿಸಿಯೇ ಮುಂದೆ ಹೋಗಿ.

ಧರೆ ಜರಿಯುವುದು ಹೇಗೆ?

ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿಯುತ್ತದೆ. ಕೆಳಗೆ ಶೇಡಿ ಸಿಕ್ಕಾಗ ಅಷ್ಟು ಬೇಗ ಇಳಿಯಲಿಕ್ಕಾಗುವುದಿಲ್ಲ. ಕಲ್ಲು ಮತ್ತು ಶೇಡಿ ಸೇರುವ ಗೆರೆಯಲ್ಲಿ ನೀರು ಅಡ್ಡಕ್ಕೆ ಹರಿಯುತ್ತದೆ. ಗುಡ್ಡ ಕೊಯ್ಯದೆ ಇದ್ದಾಗ ಆ ನೀರು ಎಲ್ಲೋ ಕೆಳಗೆ ಒರತೆಯಾಗಿ ಬರುತ್ತಿತ್ತು. ನಾವು ಮಧ್ಯದಲ್ಲಿ ಕೊಯ್ದುಬಿಟ್ಟರೆ ನಮ್ಮ ಅಡುಗೆಕೋಣೆಯ ಹಿಂದೆಯೇ ಹೊರಗೆ ಬರುತ್ತದೆ. ಬರುವಾಗ ಶೇಡಿಯನ್ನು ಸ್ವಲ್ಪ ಸ್ವಲ್ಪ ತೊಳೆದುಕೊಂಡು ಬರುತ್ತದೆ. ಒಳಗೆ ಪೊಳ್ಳು ಬೀಳುತ್ತದೆ. ಮೇಲಿನ ಕಲ್ಲಿನ ಟೊಪ್ಪಿ ಆಧಾರವಿಲ್ಲದೆ ನೇತಾಡುತ್ತದೆ. ಒಂದು ದಿನ ಟೊಪ್ಪಿಯೂ, ಅದರ ಮೇಲಿನ ಗೇರುಮರವೂ ಒಟ್ಟಿಗೇ ಬರುತ್ತವೆ. ಹಾಗಾಗಿ "ಮೇಲೆ ಕಲ್ಲುಂಟಲ್ಲ" ಎನ್ನುವ ಸಮಾಧಾನ ಸಾಲದು. ಕಲ್ಲೇ ಬೀಳುವುದು.

2019ರ ಆಗಸ್ಟ್ ಕೊನೆಯಲ್ಲಿ ಮಂಗಳೂರಿನ ಕುಲಶೇಖರ ಹತ್ತಿರ ರೈಲು ಹಳಿಯ ಮೇಲೆ ಮಣ್ಣು ಜರಿದು ಹಲವು ದಿನ ರೈಲು ನಿಂತದ್ದು ನಿಮಗೆ ನೆನಪಿರಬಹುದು. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಹೆಬ್ಬಟ್ಟಗೇರಿ ಕಡೆ ಆದದ್ದು, 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ, ಅದೇ ತಿಂಗಳ 30ಕ್ಕೆ ವಯನಾಡಿನ ಮುಂಡಕೈ, ಚೂರಲ್‌ಮಲೆಯಲ್ಲಿ ಆದದ್ದು ಇದಕ್ಕಿಂತ ಎಷ್ಟೋ ದೊಡ್ಡ ದುರಂತಗಳು. ಎಲ್ಲ ಒಂದೇ ತರದ್ದಲ್ಲ. ವಯನಾಡಿನದ್ದು ಮೇಲಿನ ಬೆಟ್ಟದಿಂದ ಹೊಳೆಯೇ ಮಣ್ಣು ಬಂಡೆ ಹೊತ್ತು ಬಂದದ್ದು, ಅದಕ್ಕೆ ಕೆಳಗಿನ ಮನೆಯವರು ಮಾಡುವುದು ಏನೂ ಇರಲಿಲ್ಲ. ಆದರೆ ನಮ್ಮ ಊರುಗಳಲ್ಲಿ ಪ್ರತಿ ಮಳೆಗಾಲ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದಲ್ಲ, "ಧರೆ ಕುಸಿದು ಮನೆಗೆ ಹಾನಿ" ಎಂದು, ಅದು ಬೇರೆ. ಅದು ನಾವೇ ಕೊಯ್ದ ಹತ್ತು ಹದಿನೈದು ಅಡಿ ಧರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಭೂಕುಸಿತದ ನಕ್ಷೆ ಮಾಡಿದ್ದಾರೆ, ಒಳ್ಳೆಯದೇ. ಆದರೆ ನಿಮ್ಮ ಅಡುಗೆಕೋಣೆಯ ಹಿಂದಿನ ಧರೆ ಅಂಥ ನಕ್ಷೆಯಲ್ಲಿ ಕಾಣುವಷ್ಟು ದೊಡ್ಡದಲ್ಲ. ಅದನ್ನು ನೀವೇ ನೋಡಬೇಕು.

ನನ್ನ ಮನೆಯ ಕತೆಯನ್ನೇ ಹೇಳುತ್ತೇನೆ. ನಾವು ಮನೆ ಕಟ್ಟುವಾಗ ಮೇಸ್ತ್ರಿ ಹನ್ನೆರಡು ಅಡಿ ಧರೆ ನೆಟ್ಟಗೆ ಕೊಯ್ಯಿಸಿದರು. ಮನೆಗೂ ಧರೆಗೂ ಮಧ್ಯ ಒಬ್ಬರು ಕೊಡ ಹಿಡಿದು ಹೋಗುವಷ್ಟು ಜಾಗ. ಧರೆಗೆ ತಾಗಿಸಿ ಕೆಂಪುಕಲ್ಲಿನ ಒಂದು ಗೋಡೆ, ಅದಕ್ಕೆ ಚಂದದ ಸಿಮೆಂಟ್ ಸಾರಣೆ. "ಇನ್ನು ಒಂದು ತೊಟ್ಟು ನೀರು ಬರುದಿಲ್ಲ ನೋಡಿ" ಎಂದರು. ಹೌದು, ಬರಲಿಲ್ಲ. ಎರಡು ಮಳೆಗಾಲ ಒಂದು ತೊಟ್ಟೂ ಹೊರಗೆ ಬರಲಿಲ್ಲ, ಎಲ್ಲ ಗೋಡೆಯ ಹಿಂದೆಯೇ ನಿಂತಿತು. ಮೂರನೇ ಮಳೆಗಾಲ ಜುಲೈಯಲ್ಲಿ ಒಂದು ಬೆಳಗ್ಗಿನ ಜಾವ ಗೋಡೆ ಹೊಟ್ಟೆ ಬಂದು ಮಗುಚಿತು. ಅಡುಗೆಕೋಣೆಯ ಕಿಟಕಿ, ಪಾತ್ರೆಯ ಸ್ಟ್ಯಾಂಡು, ಗ್ಯಾಸ್ ಒಲೆ ಎಲ್ಲ ಮಣ್ಣಿನಡಿ. ಅರ್ಧ ಗಂಟೆ ಕಳೆದಿದ್ದರೆ ನಾನು ಚಹಾಕ್ಕೆ ನೀರಿಡುತ್ತಾ ಅಲ್ಲೇ ನಿಂತಿರುತ್ತಿದ್ದೆ. ಮೇಸ್ತ್ರಿಯನ್ನು ಬೈದು ಪ್ರಯೋಜನವಿಲ್ಲ, ಗೋಡೆ ಕಟ್ಟುವಾಗ ನಾನೂ ಪಕ್ಕದಲ್ಲೇ ನಿಂತು ಚಂದ ಕಾಣುತ್ತದೆ ಎಂದವಳು. ಆ ಗೋಡೆಯ ಸಾಲ ಗೋಡೆ ಬಿದ್ದ ಮೇಲೂ ನಾಲ್ಕು ವರ್ಷ ಕಟ್ಟಿದೆವು.

ಪ್ಲಾನ್ ಬದಲಿಸಿದರೆ ಧರೆ ಇಳಿಯುತ್ತದೆ

ಈಗ ಆ ಸದಸ್ಯೆಯ ಜಾಗಕ್ಕೆ ಬರೋಣ. ಐದು ಸೆಂಟ್ಸ್ ಎಂದರೆ ಸುಮಾರು 2,178 ಚದರಡಿ. ಅವರದ್ದು ಗುಡ್ಡದ ಇಳಿಜಾರಿನ ಕಡೆಗೆ 36 ಅಡಿ, ಅಡ್ಡಕ್ಕೆ 60 ಅಡಿ. ಇಳಿಜಾರು ಎಷ್ಟು ಎಂದು ಅಳೆಯಲು ಮೇಸ್ತ್ರಿಗಳ ಹತ್ತಿರ ಇರುವ ಪಾರದರ್ಶಕ ಟ್ಯೂಬ್ ಸಾಕು. ನೀರು ತುಂಬಿಸಿ, ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಂಡು, ಒಬ್ಬರು ಮೇಲೆ, ಒಬ್ಬರು ಕೆಳಗೆ ಹಿಡಿಯಬೇಕು. ಎರಡೂ ತುದಿಯ ನೀರು ಯಾವಾಗಲೂ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಕೆಳಗಿನವರು ನೀರಿನ ಮಟ್ಟ ನೆಲದಿಂದ ಎಷ್ಟು ಎತ್ತರ ಎಂದು ಕೋಲಿನಲ್ಲಿ ಅಳೆದು, ಅದರಿಂದ ಮೇಲಿನವರ ಅಳತೆ ಕಳೆದರೆ ಆಯಿತು. ಇಳಿಜಾರು ಜಾಸ್ತಿ ಇದ್ದರೆ ಎರಡು ಮೂರು ಹಂತದಲ್ಲಿ ಅಳೆಯಿರಿ. ನಾವು ನಾಲ್ಕು ಜನ ಹೆಂಗಸರು ಅರ್ಧ ಗಂಟೆಯಲ್ಲಿ ಅಳೆದೆವು. ಮೂರು ಅಡಿ ಮುಂದೆ ಹೋದರೆ ಒಂದು ಅಡಿ ಏರು.

ಮೂವತ್ತು ಅಡಿ ಅಗಲದ ಮನೆ, ಹಿಂದೆ ಮೂರು ಅಡಿ ಓಣಿ. ಒಟ್ಟು 33 ಅಡಿ ಸಮತಟ್ಟು ಬೇಕು. ಎದುರಿನ ಮಟ್ಟಕ್ಕೆ ಎಲ್ಲ ಕೊಯ್ದರೆ ಹಿಂದೆ 11 ಅಡಿ ಧರೆ. ಮೂರಡಿ ದೂರದಲ್ಲಿ ಹನ್ನೊಂದು ಅಡಿ ಮಣ್ಣು!

ಅಷ್ಟೇ ವಿಸ್ತೀರ್ಣದ ಮನೆಯನ್ನು ಚೌಕ ಮಾಡುವ ಬದಲು ಗುಡ್ಡದ ಅಡ್ಡಕ್ಕೆ ಉದ್ದ ಮಾಡಿದರೆ? 21 ಅಡಿ ಅಗಲ, 43 ಅಡಿ ಉದ್ದ. ಅದೂ ಒಂಬೈನೂರು ಚದರಡಿಯೇ. ಹಿಂದೆ ಓಣಿಯನ್ನು ಆರು ಅಡಿಗೆ ಹೆಚ್ಚಿಸಿದರೂ ಧರೆ ಒಂಬತ್ತು ಅಡಿಗೆ ಇಳಿಯಿತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಎದುರಿನ 12 ಅಡಿಯ ಕೋಣೆಗಳು ಒಂದು ಮಟ್ಟದಲ್ಲಿ, ಹಿಂದಿನ 9 ಅಡಿಯ ಕೋಣೆಗಳು ಮೂರು ಅಡಿ ಎತ್ತರದಲ್ಲಿ ಇರಲಿ. ಮಧ್ಯೆ ಆರು ಮೆಟ್ಟಿಲು. ಆಗ ಹಿಂದಿನ ಧರೆ ಆರೇ ಅಡಿ, ಓಣಿಯೂ ಆರು ಅಡಿ.

ಐದು ಅಡಿ ಕಡಿಮೆಯಾದರೆ ಅಷ್ಟು ದೊಡ್ಡ ಸಂಗತಿಯಾ ಎಂದು ಕೇಳಬಹುದು. ಧರೆಯ ಎತ್ತರ ಎರಡು ಪಟ್ಟಾದರೆ ತಡೆಗೋಡೆಯ ಮೇಲೆ ಬೀಳುವ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹನ್ನೊಂದು ಅಡಿಯ ಒತ್ತಡ ಆರು ಅಡಿಯ ಒತ್ತಡದ ಮೂರು ಪಟ್ಟಿಗಿಂತಲೂ ಹೆಚ್ಚು. ಗೋಡೆಯ ಖರ್ಚೂ ಹಾಗೆಯೇ ಏರುತ್ತದೆ.

ಮೆಟ್ಟಿಲಿನ ವಿಷಯಕ್ಕೆ ಸಭೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. "ಅಡುಗೆ ಕೋಣೆಗೆ ಆರು ಮೆಟ್ಟಿಲು ಹತ್ತಿ ಇಳಿಯುವುದು ಯಾರು, ಪ್ಲಾನ್ ಬರೆದವನಾ?" ಎಂದರು ಒಬ್ಬರು. ನ್ಯಾಯದ ಮಾತು. ಕೊನೆಗೆ ಅಡುಗೆ ಕೋಣೆ, ಊಟದ ಜಾಗ, ಒಂದು ಬಚ್ಚಲು ಎಲ್ಲ ಹಾಲಿನ ಮಟ್ಟದಲ್ಲೇ ಎದುರಿನ ಸಾಲಿಗೆ ಬಂದವು. ಮೊಣಕಾಲು ನೋವಿನ ಅತ್ತೆಯ ಕೋಣೆಯೂ ಅಲ್ಲೇ. ಮಕ್ಕಳ ಕೋಣೆ, ಕಟ್ಟಿಗೆ ಸಾಮಾನಿನ ಕೋಣೆ, ಇನ್ನೊಂದು ಮಲಗುವ ಕೋಣೆ ಹಿಂದೆ ಮೇಲೆ. ಹಾಗಂತ ಹಿಂದಿನ ಸಾಲಿನಲ್ಲಿ ಮಕ್ಕಳ ಮಂಚದ ತಲೆಭಾಗ ಧರೆಯ ಕಡೆಯ ಗೋಡೆಗೆ ಇಡಬಾರದು. ಆ ಕಡೆ ಕಪಾಟು ಇರಲಿ.

ಮನೆಗೂ ಧರೆಯ ಬುಡಕ್ಕೂ ಎಷ್ಟು ಅಂತರ? ಧರೆಯ ಎತ್ತರದ ಅರ್ಧಕ್ಕಿಂತ ಕಡಿಮೆ ಬೇಡವೇ ಬೇಡ, ಆದಷ್ಟು ಎತ್ತರದಷ್ಟೇ ಬಿಡಿ. ಧರೆಯನ್ನು ನೆಟ್ಟಗೆ ಕೊಯ್ಯದೆ ಸ್ವಲ್ಪ ಹಿಂದಕ್ಕೆ ಓರೆಯಾಗಿ, ಎತ್ತರ ಇದ್ದರೆ ಎರಡು ಮೆಟ್ಟಿಲಾಗಿ ಕೊಯ್ಯಿಸಿ. ಜೆಸಿಬಿಯವರಿಗೆ ನೆಟ್ಟಗೆ ಕೊಯ್ಯುವುದು ಸುಲಭ, ಗಂಟೆಯ ಬಾಡಿಗೆ ಕಡಿಮೆ ಎಂದು ನಮಗೂ ಸುಲಭ ಕಾಣುತ್ತದೆ. ಕೊಯ್ಯುವ ದಿನ ಮನೆಯವರು ಯಾರಾದರೂ ಅಲ್ಲಿ ನಿಂತಿರಲೇಬೇಕು.

ಅರ್ಧ ಕೊಯ್ದದ್ದು, ಅರ್ಧ ತುಂಬಿಸಿದ್ದು

ಹಿಂದೆ ಕೊಯ್ದ ಮಣ್ಣನ್ನು ಎದುರಿಗೆ ತಳ್ಳಿ ಅಂಗಳ ಮಾಡುವುದು ನಮ್ಮಲ್ಲಿ ಪದ್ಧತಿ. ಅಂಗಳಕ್ಕೆ ಆದರೆ ಸರಿ. ಮನೆಯ ಪಂಚಾಂಗ ಅದರ ಮೇಲೆ ಬಂದರೆ ತೊಂದರೆ. ಕೊಯ್ದ ನೆಲ ಸಾವಿರಾರು ವರ್ಷ ಕೂತು ಗಟ್ಟಿಯಾದದ್ದು. ತುಂಬಿಸಿದ ಮಣ್ಣು ನಿನ್ನೆ ಬಂದದ್ದು, ಇನ್ನೂ ಹಲವು ವರ್ಷ ತಗ್ಗುತ್ತಲೇ ಇರುತ್ತದೆ. ಹಿಂದಿನ ಅರ್ಧ ಮನೆ ನಿಂತಲ್ಲೇ ನಿಲ್ಲುತ್ತದೆ, ಎದುರಿನ ಅರ್ಧ ಕೆಳಗೆ ಜಗ್ಗುತ್ತದೆ. ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಹಳೆಯ ಹಂಚಿನ ಮನೆಗಳು ಸ್ವಲ್ಪ ಜಗ್ಗಿದರೂ ಹಂಚು ಸರಿಸಿ ಜೋಡಿಸಿದರೆ ಮುಗಿಯುತ್ತಿತ್ತು. ಟೆರೇಸ್ ಮನೆ ಹಾಗಲ್ಲ. ಸ್ಲ್ಯಾಬ್ ಒಂದೇ ಹಲಗೆ, ಅದಕ್ಕೆ ಬಗ್ಗಲಿಕ್ಕೆ ಗೊತ್ತಿಲ್ಲ.

ಆದುದರಿಂದ ಪಂಚಾಂಗವಾಗಲಿ ಪಿಲ್ಲರಿನ ಗುಂಡಿಯಾಗಲಿ ತುಂಬಿಸಿದ ಮಣ್ಣನ್ನು ದಾಟಿ ಮೂಲ ನೆಲಕ್ಕೆ ಇಳಿಯಬೇಕು. ಇಳಿಜಾರಿನಲ್ಲಿ ಅಡಿಪಾಯದ ತಳವನ್ನು ಓರೆಯಾಗಿ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಮಟ್ಟ ಮಾಡಬೇಕು. ಎಲ್ಲ ಗೋಡೆಗಳ ಅಡಿಯಲ್ಲಿ ಸುತ್ತಲೂ ಒಂದು ಕಾಂಕ್ರೀಟ್ ಬೀಮ್ ಕಟ್ಟಿದರೆ ಮನೆ ಒಂದೇ ಪೆಟ್ಟಿಗೆಯಂತೆ ಕೂರುತ್ತದೆ. ಖರ್ಚು ಉಳಿಸಲು ಮೇಸ್ತ್ರಿಗಳು ಮೊದಲು ಬಿಡುವುದು ಈ ಬೀಮನ್ನೇ. ಬಿಡಬೇಡಿ. ಬೇಕಿದ್ದರೆ ಸಿಟ್‌ಔಟಿನ ಗ್ರಾನೈಟ್ ಬಿಡಿ.

ಗುಡ್ಡ ಕೊಯ್ಯದೆ ಎದುರಿನ ಭಾಗವನ್ನು ಕಂಬಗಳ ಮೇಲೆ ನಿಲ್ಲಿಸುವ ದಾರಿಯೂ ಉಂಟು. ಕಡಿದಾದ ಜಾಗಕ್ಕೆ ಅದೇ ಒಳ್ಳೆಯದು. ಆದರೆ ಎದುರಿನ ಕಂಬ ಉದ್ದ, ಹಿಂದಿನದು ಗಿಡ್ಡ ಆಗುವುದರಿಂದ ಕಬ್ಬಿಣದ ಲೆಕ್ಕ ಎಂಜಿನಿಯರರೇ ಮಾಡಬೇಕು, ಅಂದಾಜಿನಲ್ಲಿ ಆಗುವ ಕೆಲಸ ಅಲ್ಲ.

ನೀರಿಗೆ ದಾರಿ

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4 ಸಾವಿರ ಮಿಲಿಮೀಟರ್ ಮಳೆ, ಹೆಚ್ಚಿನದ್ದೂ ನಾಲ್ಕೇ ತಿಂಗಳಲ್ಲಿ. ಸಾವಿರ ಚದರಡಿಯ ಟೆರೇಸಿನ ಮೇಲೆ ದಿನಕ್ಕೆ 100 ಮಿಲಿಮೀಟರ್ ಮಳೆ ಬಂದರೆ 9 ಸಾವಿರ ಲೀಟರಿಗೂ ಹೆಚ್ಚು ನೀರು. ಅದು ಎಲ್ಲಿ ಬೀಳುತ್ತದೆ? ಸಾಧಾರಣವಾಗಿ ಹಿಂದಿನ ಪೈಪಿನಿಂದ ಧರೆಯ ಬುಡಕ್ಕೆ. ಗುಡ್ಡದ ಮೇಲಿಂದ ಬರುವುದು ಬೇರೆ. ನಿಮ್ಮ ಮನೆಯ ಮೇಲ್ಗಡೆ ಹತ್ತು ಸೆಂಟ್ಸ್ ಗುಡ್ಡ ಇದ್ದರೆ, ಗಂಟೆಗೆ 50 ಮಿಲಿಮೀಟರಿನ ಜೋರು ಮಳೆಗೆ 20 ಸಾವಿರ ಲೀಟರು. ಎರಡು ಸೆಕೆಂಡಿಗೆ ಒಂದು ಕೊಡ ನೀರು ಸುರಿದ ಹಾಗೆ.

ಇದಕ್ಕೆ ಮನೆಗಿಂತ ಮೊದಲು ಮಾಡಬೇಕಾದದ್ದು ಧರೆಯ ಮೇಲಿನ ಕಣಿ. ಧರೆಯ ಅಂಚಿನಿಂದ ನಾಲ್ಕೈದು ಅಡಿ ಹಿಂದೆ, ಅಡ್ಡಕ್ಕೆ, ಎರಡೂ ಬದಿಗೆ ನೀರು ಇಳಿಯುವಂತೆ. ಬರೀ ಮಣ್ಣಿನ ಕಣಿ ತೋಡಿದರೆ ನೀರನ್ನು ಧರೆಯೊಳಗೆ ಇಳಿಸಲು ನಾವೇ ದಾರಿ ಮಾಡಿಕೊಟ್ಟಂತೆ. ಅದಕ್ಕೆ ಸಿಮೆಂಟ್ ಬಳಿಯಲೇಬೇಕು. ಟೆರೇಸಿನ ಪೈಪುಗಳೆಲ್ಲ ಎದುರಿಗೆ ಬರಲಿ. ಬಟ್ಟೆ ಒಗೆಯುವ ಕಲ್ಲು ಧರೆಯ ಮೇಲೆ ಬೇಡ, ಬಾಳೆಗೆ ನೀರು ಬಿಡುವ ಪೈಪೂ ಅಲ್ಲಿ ಬೇಡ.

ಇಂಗುಗುಂಡಿಯ ಬಗ್ಗೆ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಮಳೆನೀರು ಇಂಗಿಸಿ ಎಂದು ಊರೂರು ಸುತ್ತಿ ಹೇಳಿದವರಲ್ಲಿ ನಾನೂ ಒಬ್ಬಳು. ಸಮತಟ್ಟು ಜಾಗಕ್ಕೆ, ತೋಟಕ್ಕೆ, ಬಾವಿಯ ಹತ್ತಿರಕ್ಕೆ ಅದು ಇಂದಿಗೂ ಒಳ್ಳೆಯ ಮಾತೇ. ಆದರೆ ಶೇಡಿಯ ಧರೆಯ ಮೇಲ್ಗಡೆ ಇಂಗುಗುಂಡಿ ತೋಡಬಾರದು ಎಂದು ಆಗ ನಾವು ಬಿಡಿಸಿ ಹೇಳಲಿಲ್ಲ. ಅಂಥ ಗುಂಡಿ ನಿಮ್ಮಲ್ಲಿ ಇದ್ದರೆ ಈ ಬೇಸಿಗೆಯಲ್ಲೇ ಮುಚ್ಚಿಸಿ. ಶೌಚದ ಗುಂಡಿಗೂ ಇದೇ ನಿಯಮ. ಅದು ವರ್ಷವಿಡೀ ನೆಲಕ್ಕೆ ನೀರು ಬಿಡುವ ಇಂಗುಗುಂಡಿಯೇ. ಧರೆಯ ಮೇಲೂ ಬೇಡ, ತುಂಬಿಸಿದ ಮಣ್ಣಿನ ಅಂಚಿನಲ್ಲೂ ಬೇಡ. ಕೆಳಗಿನ ಮನೆಯವರ ಬಾವಿ ಎಲ್ಲಿದೆ ಎಂದು ನೋಡಿಕೊಂಡೇ ಜಾಗ ಗೊತ್ತುಮಾಡಿ.

ತಡೆಗೋಡೆ

ತಡೆಗೋಡೆ ಬೀಳುವುದು ಹೆಚ್ಚಾಗಿ ಮಣ್ಣಿನ ಭಾರಕ್ಕಲ್ಲ, ಹಿಂದೆ ನಿಂತ ನೀರಿನ ಭಾರಕ್ಕೆ. ಕಪ್ಪುಕಲ್ಲಿನ ತಡೆಗೋಡೆಯಾದರೆ ಬುಡದ ದಪ್ಪ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬಾರದು. ಆರು ಅಡಿ ಗೋಡೆಗೆ ಬುಡದಲ್ಲಿ ಮೂರು ಅಡಿಯಾದರೂ ಬೇಕು. ಗೋಡೆ ಸ್ವಲ್ಪ ಧರೆಯ ಕಡೆಗೆ ಮಾಲಿರಬೇಕು. ಹಿಂದೆ ತೆಗೆದ ಶೇಡಿಯನ್ನೇ ತುಂಬಿಸದೆ ಒಂದಡಿಯಾದರೂ ಜಲ್ಲಿ ತುಂಬಿಸಬೇಕು. ನಾಲ್ಕೈದು ಅಡಿಗೊಂದು ಪಿವಿಸಿ ಪೈಪಿನ ತೂತು, ಹೊರಕ್ಕೆ ಇಳಿಜಾರಾಗಿ. ಮಳೆಗಾಲದಲ್ಲಿ ಆ ತೂತಿನಿಂದ ನೀರು ಬಂದರೆ ಹೆದರಬೇಡಿ, ಗೋಡೆ ತನ್ನ ಕೆಲಸ ಮಾಡುತ್ತಿದೆ. ಜೋರು ಮಳೆಯಲ್ಲೂ ಬರದಿದ್ದರೆ ತೂತು ಕಟ್ಟಿದೆಯೋ ನೋಡಿ. ಅಂಗಳ ಗಲೀಜಾಗುತ್ತದೆ ಎಂದು ತೂತಿಗೆ ಬಟ್ಟೆ ತುರುಕಿದ ಮನೆಯನ್ನೂ ನಾನು ನೋಡಿದ್ದೇನೆ. ಎತ್ತರದ ಗೋಡೆಯನ್ನು ಎಂಜಿನಿಯರರ ಡ್ರಾಯಿಂಗ್ ಇಲ್ಲದೆ ಕಟ್ಟಿಸಬೇಡಿ.

ಧರೆಯ ಮೈಗೆ ಲಾವಂಚ ನೆಡಿ. ಅದರ ಬೇರು ಅಡ್ಡ ಹರಡದೆ ನೆಟ್ಟಗೆ ಕೆಳಗೆ ಇಳಿಯುತ್ತದೆ, ಒಳ್ಳೆಯ ಜಾಗದಲ್ಲಿ ಹತ್ತು ಅಡಿಯವರೆಗೂ ಹೋಗುತ್ತದೆ. ಗುಡ್ಡದ ಅಡ್ಡಕ್ಕೆ ಸಾಲಾಗಿ, ಗೇಣಿಗಿಂತ ಹತ್ತಿರ ಹತ್ತಿರ, ಮೊದಲ ಮಳೆಗೆ ನೆಡಬೇಕು. ಅದು ಮೇಲ್ಮೈ ಮಣ್ಣು ತೊಳೆದು ಹೋಗುವುದನ್ನು ತಡೆಯುತ್ತದೆಯೇ ಹೊರತು ತಡೆಗೋಡೆಯ ಬದಲಿಗೆ ಅಲ್ಲ. ಧರೆಯ ಅಂಚಿನಲ್ಲೇ ಇರುವ ದೊಡ್ಡ ಮರದ ಕೊಂಬೆ ಕಡಿಸಿ ಭಾರ ಇಳಿಸಿ, ಬೇರು ಸಮೇತ ಕೀಳಿಸಬೇಡಿ.

ನೆರೆಯವರು ಮತ್ತು ಸಾಲ

ನೀವು ಕೊಯ್ಯುವ ಧರೆಯ ಮೇಲೆ ಇನ್ನೊಬ್ಬರ ಜಾಗ ಇರುತ್ತದೆ. 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ ಪ್ರತಿಯೊಬ್ಬರ ನೆಲಕ್ಕೂ ಪಕ್ಕದ ನೆಲದಿಂದ ಸಿಗುವ ಸಹಜ ಆಧಾರದ ಹಕ್ಕು ಇದೆ. ನೀವು ಕೊಯ್ದು ಅವರ ನೆಲ ಜರಿದರೆ ಜವಾಬ್ದಾರಿ ನಿಮಗೇ ಬರಬಹುದು. ನಿಮ್ಮ ಕೆಳಗಿನವರು ಕೊಯ್ಯುವಾಗಲೂ ಅಷ್ಟೇ, ನಿಮಗೂ ಆ ಹಕ್ಕು ಉಂಟು. ಜೆಸಿಬಿ ಬಂದ ಮೇಲೆ ಜಗಳ ಮಾಡುವುದಕ್ಕಿಂತ ಬರುವ ಮುಂಚೆ ಹೋಗಿ ಮಾತಾಡುವುದು ಒಳ್ಳೆಯದು.

ಸಂಘದ ಪದಾಧಿಕಾರಿಗಳಲ್ಲಿ ನನ್ನದೊಂದು ಕೋರಿಕೆ. ಮನೆ ಸಾಲದ ಅರ್ಜಿ ಬಂದಾಗ ಎಸ್ಟಿಮೇಟಿನಲ್ಲಿ ತಡೆಗೋಡೆ, ಕಣಿ ಸೇರಿದೆಯೋ ನೋಡಿ. ಹೆಚ್ಚಿನ ಎಸ್ಟಿಮೇಟ್ ಪಂಚಾಂಗದಿಂದ ಶುರುವಾಗುತ್ತದೆ. ಆಮೇಲೆ ಹಣ ಸಾಲದೆ "ತಡೆಗೋಡೆ ಮುಂದಿನ ವರ್ಷ" ಎನ್ನುತ್ತೇವೆ. ಮಳೆಗೆ ಮುಂದಿನ ವರ್ಷ ಎಂದು ಹೇಳಲಿಕ್ಕಾಗುವುದಿಲ್ಲ. ಗೋಡೆಗೆ ಹಣ ಸಾಲದಿದ್ದರೆ ಮನೆಯನ್ನು ಒಂದು ಕೋಣೆ ಸಣ್ಣದು ಮಾಡಿ, ಟೆರೇಸಿನ ಬದಲು ಹಂಚು ಹಾಕಿ.

ಧರೆ ಕೊಯ್ಯುವುದು ಮಳೆ ಪೂರ್ತಿ ನಿಂತು ನೆಲ ಒಣಗಿದ ಮೇಲೆ, ಡಿಸೆಂಬರ್ ಜನವರಿಯಲ್ಲಿ. ಮೇ ತಿಂಗಳೊಳಗೆ ಗೋಡೆ, ಕಣಿ ಮುಗಿಯಬೇಕು. ಏಪ್ರಿಲಿನಲ್ಲಿ ಕೊಯ್ದು ಹಾಗೆಯೇ ಬಿಟ್ಟ ಧರೆಯಷ್ಟು ಅಪಾಯದ್ದು ಬೇರೆ ಇಲ್ಲ. ಈಗಾಗಲೇ ಹಾಗೆ ಆಗಿದ್ದರೆ ಟಾರ್ಪಾಲು ಹೊದೆಸಿ, ಅಂಚಿನ ಮೇಲೂ ನಾಲ್ಕೈದು ಅಡಿ ಹಿಂದಕ್ಕೆ ಬರುವಂತೆ. ಆ ಮಳೆಗಾಲ ಹಿಂದಿನ ಕೋಣೆಯಲ್ಲಿ ಯಾರೂ ಮಲಗಬೇಡಿ.

ಮಳೆಗಾಲದಲ್ಲಿ ನೋಡುತ್ತಿರಬೇಕಾದದ್ದು

ಎರಡು ಮೂರು ದಿನ ಬಿಡದೆ ಮಳೆ ಬಂದಾಗ ಕೊಡೆ ಹಿಡಿದು ಧರೆಯ ಮೇಲೆ ಹೋಗಿ ನೋಡಿ, ಅಂಚಿನ ತುದಿಗೆ ಮಾತ್ರ ಹೋಗಬೇಡಿ. ನೆಲದಲ್ಲಿ ಅಡ್ಡಕ್ಕೆ ಬಿರುಕು ಕಂಡರೆ, ತೆಂಗು ಅಡಿಕೆ ಮರ ಮೊದಲಿಗಿಂತ ವಾಲಿದ್ದರೆ, ಧರೆಯಲ್ಲಿ ಹೊಸ ಒರತೆ ಬಂದರೆ, ತಿಳಿಯಾಗಿ ಬರುತ್ತಿದ್ದ ನೀರು ಕೆಸರಾದರೆ, ತಡೆಗೋಡೆ ಹೊಟ್ಟೆ ಬಂದರೆ, ನಿನ್ನೆವರೆಗೆ ಸರಿ ಇದ್ದ ಬಾಗಿಲು ಇವತ್ತು ಸಿಕ್ಕಿಹಾಕಿಕೊಂಡರೆ ರಾತ್ರಿಗೆ ಕಾಯಬೇಡಿ. ಬರುತ್ತಿದ್ದ ಒರತೆ ಜೋರು ಮಳೆಯಲ್ಲಿ ತಟ್ಟನೆ ನಿಂತರೆ ಅದು ಇನ್ನೂ ಕೆಟ್ಟ ಲಕ್ಷಣ, ಒಳಗೆ ದಾರಿ ಮುಚ್ಚಿ ನೀರು ಕೂಡುತ್ತಿದೆ ಎಂದರ್ಥ. ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಬೇರೆ ಮನೆಗೆ ಹೋಗಿ, ಪಂಚಾಯತಿಗೆ ತಿಳಿಸಿ. ಜಿಲ್ಲಾಧಿಕಾರಿ ಕಚೇರಿಯ ತುರ್ತು ನಂಬರ್ 1077.

ಆ ಸದಸ್ಯೆಯ ಮನೆ ಇನ್ನೂ ಆಗಿಲ್ಲ. ಸೋಮವಾರದ ಜೆಸಿಬಿಯನ್ನು ಅವರು ವಾಪಸು ಕಳುಹಿಸಿದರು, ಅಡ್ವಾನ್ಸ್ ಕೊಟ್ಟ ಹಣ ಹೋಯಿತು. ತಂಗಿಯ ಮಗನಿಗೆ ಸ್ವಲ್ಪ ಬೇಸರವೂ ಆಯಿತು. ಡಿಸೆಂಬರಿನಲ್ಲಿ ಧರೆ ಓರೆಯಾಗಿ ಕೊಯ್ದು, ಸಾಲದ ಮೊದಲ ಕಂತಿನಲ್ಲಿ ತಡೆಗೋಡೆ ಮತ್ತು ಕಣಿ ಮುಗಿಸಿದ್ದಾರೆ. ಈ ಮಳೆಗಾಲ ಖಾಲಿ ಜಾಗದಲ್ಲಿ ಗೋಡೆಯ ತೂತಿನಿಂದ ನೀರು ಬರುವುದನ್ನು ನೋಡಿಯೇ ಮನೆ ಶುರುಮಾಡುವುದು ಎಂದು ಹೇಳುತ್ತಾರೆ. ಅಳೆಯಲು ತಂದ ಐವತ್ತು ಅಡಿ ಟ್ಯೂಬ್ ಸಂಘದ ಕಾರ್ಯದರ್ಶಿಯ ಮನೆಯಲ್ಲಿದೆ. ಬೇಕಾದವರು ಕೊಂಡುಹೋಗಬಹುದು, ಅಳೆದು ಆದ ಮೇಲೆ ಒಳಗಿನ ನೀರು ಖಾಲಿ ಮಾಡಿ ವಾಪಸು ಕೊಡಬೇಕು.